ಅಪ್ರಿಯ ರಾಜಶಾಸನವೂ ಸಾಧಕನ ಕರ್ತವ್ಯವೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಈ ಪಾಠಮಾಲೆಯಲ್ಲಿ ಇದುವರೆಗೆ ಆಹ್ನಿಕ, ಆಶೌಚ, ಚಾತುರ್ಮಾಸ್ಯ ಮೊದಲಾದ ಗೃಹಸ್ಥಧರ್ಮದ ವಿಷಯಗಳನ್ನು ನೋಡಿದ್ದೇವೆ. ಪ್ರಕೃತ ಸಂಚಿಕೆಯಲ್ಲಿ ರಾಜಧರ್ಮಕ್ಕೆ ಸೇರಿದ ಒಂದು ವಿಷಯವನ್ನು ಕೈಗೆತ್ತಿಕೊಳ್ಳುತ್ತೇವೆ. ನಾಸಿಕ ಜಿಲ್ಲೆಯ ಪಿಂಪಳಗಾಂವ್ ಬಸವಂತದಲ್ಲಿ ಉದ್ಯೋಗನಿಮಿತ್ತ ನೆಲೆಸಿರುವ ನಮ್ಮ ಕೆಲವು ಕುಟುಂಬಗಳವರು ಕೇಳಿದ ಪ್ರಶ್ನೆಯೇ ಇದಕ್ಕೆ ಕಾರಣ. ಸರಕಾರದ ಆಜ್ಞೆಯೊಂದನ್ನು ಊರಿಗೆ ಊರೇ ಅನ್ಯಾಯವೆಂದು ಹೇಳುತ್ತಿರುವಾಗ ಅದನ್ನು ಪಾಲಿಸುವುದು ಧರ್ಮವೇ? ಪಾಲಿಸುವಂತೆ ಮಾಡಬೇಕಾದ ಅಧಿಕಾರಿಗೆ ಪಾಪವುಂಟೇ? ಪ್ರಶ್ನೆ ಸಣ್ಣದಲ್ಲ. ಆದಕಾರಣ ಶಾಸ್ತ್ರದಲ್ಲಿ ಅಧಿಕರಣವನ್ನು ರಚಿಸುವ ಕ್ರಮದಲ್ಲಿಯೇ, ಅಂದರೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಪ್ರಯೋಜನ ಎಂಬ ಐದು ಅಂಗಗಳಲ್ಲಿ ಇದನ್ನು ವಿಚಾರಿಸೋಣ.

ವಿಷಯ

ಪಿಂಪಳಗಾಂವ್ ಬಸವಂತವು ಮುಂಬಯಿ–ಆಗ್ರಾ ಹೆದ್ದಾರಿಯ ಮೇಲೆ, ನಿಫಾಡ ತಾಲೂಕಿನಲ್ಲಿದೆ. ದ್ರಾಕ್ಷಿ, ಟೊಮೇಟೊ ಮತ್ತು ಈರುಳ್ಳಿಯೇ ಆ ಊರಿನ ಜೀವಾಳ. ನಾವು ಚಾತುರ್ಮಾಸ್ಯದಲ್ಲಿರಲಿ, ಇತರ ದಿನಗಳಲ್ಲಿರಲಿ, ಅಡಿಗೆಮನೆಗೆ ತಾರದ ಪದಾರ್ಥ ಈ ಈರುಳ್ಳಿ. ಆದರೂ ಅಲ್ಲಿರುವ ನಮ್ಮವರಲ್ಲಿ ಒಬ್ಬರು ಅಡತ್ ಅಂಗಡಿಯ ಲೆಕ್ಕ ಬರೆಯುತ್ತಾರೆ, ಇನ್ನೊಬ್ಬರು ಬ್ಯಾಂಕಿನಲ್ಲಿ ರೈತರ ಸಾಲದ ಖಾತೆ ನೋಡುತ್ತಾರೆ, ಮತ್ತೊಬ್ಬರ ಮಗ ಲಾರಿ ಸಾಗಣೆಯ ಕಚೇರಿಯಲ್ಲಿದ್ದಾನೆ. ನಾವು ತಿನ್ನದ ಕಾಂದಾವೇ ಅವರಿಗೆ ಅನ್ನವನ್ನು ಕೊಡುತ್ತಿದೆ. ಆದ್ದರಿಂದ ಈರುಳ್ಳಿಯ ಕಾನೂನು ಅವರ ಮನೆಯ ವಿಷಯವೂ ಹೌದು.

ಈರುಳ್ಳಿಯ ಬೆಲೆ ಏರಿದಾಗ ಕೇಂದ್ರಸರಕಾರದ ಕೈಯಲ್ಲಿ ಮುಖ್ಯವಾಗಿ ಎರಡು ಉಪಾಯಗಳಿವೆ. ಒಂದು, 1955ರ ಅವಶ್ಯಕ ವಸ್ತುಗಳ ಕಾಯ್ದೆಯಂತೆ ವರ್ತಕರ ದಾಸ್ತಾನಿಗೆ ಮಿತಿ ಹಾಕುವುದು. ಎರಡು, ವಿದೇಶಕ್ಕೆ ರಫ್ತಾಗುವುದನ್ನು ತಡೆಯುವುದು ಅಥವಾ ಅದರ ಮೇಲೆ ಸುಂಕ ವಿಧಿಸುವುದು. 2019ರ ಸೆಪ್ಟೆಂಬರ್ 29ರಂದು ರಫ್ತು ನಿಷೇಧವೂ ದಾಸ್ತಾನು ಮಿತಿಯೂ ಒಟ್ಟಿಗೇ ಬಂದವು. ಚಿಲ್ಲರೆ ವರ್ತಕನಿಗೆ 100 ಕ್ವಿಂಟಲ್, ಸಗಟು ವರ್ತಕನಿಗೆ 500 ಕ್ವಿಂಟಲ್ ಎಂದು ಮಿತಿ ಗೊತ್ತುಮಾಡಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಈ ಮಿತಿಯನ್ನು ಇನ್ನಷ್ಟು ತಗ್ಗಿಸಲಾಯಿತು. 2020ರ ಸೆಪ್ಟೆಂಬರಿನಲ್ಲಿ ಪುನಃ ನಿಷೇಧ ಬಂತು. 2023ರ ಆಗಸ್ಟಿನಲ್ಲಿ ಶೇಕಡಾ 40ರ ರಫ್ತು ಸುಂಕ, ಡಿಸೆಂಬರ್ 8ರಿಂದ ಪೂರ್ಣ ನಿಷೇಧ. 2024ರ ಮೇ ತಿಂಗಳಲ್ಲಿ ನಿಷೇಧ ಹೋಗಿ ಸುಂಕ ಉಳಿಯಿತು, ಸೆಪ್ಟೆಂಬರಿನಲ್ಲಿ ಅದು ಶೇಕಡಾ 20ಕ್ಕೆ ಇಳಿಯಿತು, 2025ರ ಏಪ್ರಿಲ್ 1ರಿಂದ ಸುಂಕವೂ ರದ್ದಾಯಿತು.

ಡಿಸೆಂಬರಿನ ನಿಷೇಧ ನಾಸಿಕದ ರೈತನಿಗೆ ಏಕೆ ಅಷ್ಟು ನೋವು ಕೊಟ್ಟಿತೆಂಬುದನ್ನು ತಿಳಿಯಬೇಕು. ಬೇಸಿಗೆಯಲ್ಲಿ ಕೀಳುವ ಈರುಳ್ಳಿಯನ್ನು ಗಾಳಿಯಾಡುವ ಚಾಳಗಳಲ್ಲಿ ಕೆಲವು ತಿಂಗಳು ಕಾಪಾಡಬಹುದು. ಮಳೆಗಾಲದ ಬೆಳೆಯಾದ ಕೆಂಪು ಈರುಳ್ಳಿ ಹಾಗಲ್ಲ. ಅದರಲ್ಲಿ ನೀರಿನಂಶ ಹೆಚ್ಚು, ಬೇಗ ಕೊಳೆಯುತ್ತದೆ. ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬರುವುದು ಈ ಕೆಂಪು ಈರುಳ್ಳಿ. ಬೆಲೆ ಕುಸಿಯಿತೆಂದು ರೈತನು ಅದನ್ನು ಮನೆಗೆ ಒಯ್ದು ಇಡಲಾರ. ಟ್ರ್ಯಾಕ್ಟರಿನಲ್ಲಿ ತಂದುದನ್ನು ಅಂದಿನ ಲಿಲಾವಿನಲ್ಲಿ ಬಂದ ದರಕ್ಕೆ ಕೊಟ್ಟೇ ಹೋಗಬೇಕು. ಹೀಗಾಗಿ ಲಿಲಾವುಗಳು ನಿಂತವು, ರೈತರು ಹೆದ್ದಾರಿಗೆ ಬಂದರು. ಇದು ಹೊಸದೂ ಅಲ್ಲ. 1980ರಲ್ಲಿ ಶರದ ಜೋಶಿಯವರ ಶೇತಕರಿ ಸಂಘಟನೆಯು ಈರುಳ್ಳಿ ಮತ್ತು ಕಬ್ಬಿನ ಬೆಲೆಗಾಗಿ ಇದೇ ಜಿಲ್ಲೆಯಲ್ಲಿ ರಸ್ತೆಯನ್ನೂ ರೈಲುಹಳಿಯನ್ನೂ ತಡೆದಿತ್ತು.

ಇತ್ತ ದೂರದ ನಗರದಲ್ಲಿ ದಿನಗೂಲಿಯವನ ಮನೆಯಲ್ಲಿ ಈರುಳ್ಳಿಯ ಬೆಲೆ ಇಮ್ಮಡಿಯಾದಾಗ ಆಗುವ ಕಷ್ಟವೂ ಸುಳ್ಳಲ್ಲ. ಸರಕಾರವು ಆ ಇನ್ನೊಬ್ಬನ ಪಕ್ಷದಲ್ಲಿ ನಿಂತು ಆಜ್ಞೆ ಹೊರಡಿಸುತ್ತದೆ. ಒಬ್ಬನ ರಕ್ಷಣೆ ಇನ್ನೊಬ್ಬನ ನಷ್ಟವಾಗುವಲ್ಲಿಯೇ ಕಾನೂನು ಅಪ್ರಿಯವಾಗುವುದು.

ಸಂಶಯ

ಇಂತಹ ಆಜ್ಞೆ ಜಾರಿಯಲ್ಲಿರುವಾಗ ಅಂಗಡಿಯ ಯಜಮಾನನು ನಮ್ಮ ಲೆಕ್ಕಿಗರಿಗೆ, ದಾಸ್ತಾನು ಪುಸ್ತಕದಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಿರಿ ಎಂದರೆ ಏನು ಮಾಡಬೇಕು? ಆತನು ದುಷ್ಟನಲ್ಲ, ಕಷ್ಟಕಾಲದಲ್ಲಿ ನಮ್ಮವರ ಮಗಳ ಮದುವೆಗೆ ಸಹಾಯ ಮಾಡಿದವನು. ಆಜ್ಞೆಯನ್ನು ಊರಿನಲ್ಲಿ ಯಾರೂ ಒಪ್ಪುವುದಿಲ್ಲ. ಬರೆದರೆ ಅನೃತ, ಬರೆಯದಿದ್ದರೆ ಕೃತಘ್ನತೆ ಎಂಬ ಸಂಕಟ. ಅದೇ ರೀತಿ ತಪಾಸಣೆಗೆ ಬರುವ ಅಧಿಕಾರಿಯೂ ನಮ್ಮ ಸಮಾಜದವನೇ ಇರಬಹುದು. ಆತನ ಮನಸ್ಸಿಗೂ ಆಜ್ಞೆ ಒಪ್ಪಿಗೆಯಾಗದೆ ಇರಬಹುದು.

ಪೂರ್ವಪಕ್ಷ

ಇಲ್ಲಿ ನಾಲ್ಕು ವಾದಗಳನ್ನು ಕೇಳುತ್ತೇವೆ.

1. ವೇದವು ಅಪೌರುಷೇಯ, ಆದ್ದರಿಂದ ನಿರ್ದೋಷ. ಸರಕಾರದ ಕಾನೂನು ಪೌರುಷೇಯ, ಇಂದು ಹುಟ್ಟಿ ನಾಳೆ ಅಳಿಯುವುದು. ಅದಕ್ಕೆ ಧರ್ಮದ ಗೌರವವಿಲ್ಲ.

2. ಶ್ರೀಹರಿಯೊಬ್ಬನೇ ಸ್ವತಂತ್ರ. ಹರಿದಾಸರಾದ ನಾವು ಅನ್ಯ ಪ್ರಭುಗಳಿಗೆ ತಲೆಬಾಗಬೇಕಾಗಿಲ್ಲ.

3. ಲೋಕವು ದ್ವೇಷಿಸುವ ಆಚರಣೆಯು ಶಾಸ್ತ್ರೋಕ್ತವಾದರೂ ಬಿಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯೇ ಹೇಳುತ್ತದೆ. ಹಾಗಿರುವಾಗ ಲೋಕವಿದ್ವಿಷ್ಟವಾದ ಸರಕಾರಿ ಆಜ್ಞೆಯ ಪಾಡೇನು?

4. ಜಾರಿಮಾಡುವವರು ಸಣ್ಣವನನ್ನು ಹಿಡಿಯುತ್ತಾರೆ, ದೊಡ್ಡವನನ್ನು ಬಿಡುತ್ತಾರೆ. ಇಂತಹ ದಂಡಕ್ಕೆ ಮರ್ಯಾದೆ ಎಲ್ಲಿಯದು?

ಸಿದ್ಧಾಂತ

ಮೊದಲನೆಯ ವಾದ ನಿಲ್ಲದು. ಕಾನೂನು ಪೌರುಷೇಯವೆಂಬುದು ನಿಜ. ಆದರೆ ಪೌರುಷೇಯವಾದುದೆಲ್ಲ ಅಪ್ರಮಾಣವೆಂದು ನಮ್ಮ ಶಾಸ್ತ್ರ ಹೇಳುವುದಿಲ್ಲ. ಸ್ವಧರ್ಮಕ್ಕೆ ವಿರೋಧವಾಗದಂತೆ ಸಮೂಹವು ಮಾಡಿಕೊಂಡ ಕಟ್ಟಳೆಯನ್ನೂ, ರಾಜನು ಮಾಡಿದ ಧರ್ಮವನ್ನೂ ಯತ್ನಪೂರ್ವಕವಾಗಿ ಕಾಪಾಡಬೇಕೆಂದು ಯಾಜ್ಞವಲ್ಕ್ಯರು ವ್ಯವಹಾರಾಧ್ಯಾಯದಲ್ಲಿ ವಿಧಿಸಿದ್ದಾರೆ. ಮನುವೂ ಏಳನೆಯ ಅಧ್ಯಾಯದಲ್ಲಿ, ಇಷ್ಟವಾದುದರ ವಿಷಯದಲ್ಲಿರಲಿ ಅನಿಷ್ಟವಾದುದರ ವಿಷಯದಲ್ಲಿರಲಿ, ರಾಜನು ನಿಶ್ಚಯಿಸಿದ ವ್ಯವಸ್ಥೆಯನ್ನು ಮೀರಬಾರದೆಂದಿದ್ದಾನೆ. ಅನಿಷ್ಟ ಎಂಬುದನ್ನೂ ಅಲ್ಲಿ ಸೇರಿಸಿರುವುದು ಗಮನಾರ್ಹ. ಪ್ರಿಯವಾದ ಆಜ್ಞೆಯನ್ನು ಪಾಲಿಸಲು ವಿಧಿ ಬೇಕಿಲ್ಲ.

ಇಲ್ಲಿ ಸ್ವಧರ್ಮಕ್ಕೆ ವಿರೋಧವಾಗದಂತೆ ಎಂಬ ವಿಶೇಷಣವನ್ನು ಮರೆಯಬಾರದು. ಸಂಧ್ಯಾವಂದನೆಯನ್ನು ಬಿಡಬೇಕೆಂಬ ಆಜ್ಞೆ ಬೇರೆ, ಗೋದಾಮಿನಲ್ಲಿ ಇಷ್ಟೇ ಕ್ವಿಂಟಲ್ ಇರಬೇಕೆಂಬ ಆಜ್ಞೆ ಬೇರೆ. ಎರಡನೆಯದರಿಂದ ಹಣನಷ್ಟವಾಗಬಹುದು, ಧರ್ಮನಷ್ಟವಾಗುವುದಿಲ್ಲ. ನಮಗಾಗುವ ನಷ್ಟವನ್ನೆಲ್ಲ ಧರ್ಮನಷ್ಟವೆಂದು ಹೆಸರಿಟ್ಟು ಕರೆಯುವುದು ಆತ್ಮವಂಚನೆಯಾದೀತು.

ಎರಡನೆಯ ವಾದದಲ್ಲಿ ಹೇಳಿದ ಪ್ರಮೇಯ ಸತ್ಯ, ಅದರಿಂದ ತೆಗೆದ ತೀರ್ಮಾನ ತಪ್ಪು. ಸ್ವತಂತ್ರತತ್ತ್ವ ಒಂದೇ, ಉಳಿದುದೆಲ್ಲ ಪರತಂತ್ರ. ಹಾಗಾದರೆ ಆಳುವವನು ಹೇಗೆ ಪರತಂತ್ರನೋ ಆಳಿಸಿಕೊಳ್ಳುವ ನಾವೂ ಹಾಗೆಯೇ ಪರತಂತ್ರರು. ರಾಜನು ಸ್ವತಂತ್ರನಲ್ಲವೆಂದು ಹೇಳಿ ನಾವು ಸ್ವತಂತ್ರರೆಂಬಂತೆ ನಡೆದುಕೊಳ್ಳುವುದು ಸಿದ್ಧಾಂತವಿರೋಧ. ಗೀತೆಯ ವಿಭೂತಿಯೋಗದಲ್ಲಿ ಭಗವಂತನು ನರರಲ್ಲಿ ನರಾಧಿಪನಲ್ಲಿಯೂ, ದಂಡಿಸುವವರ ದಂಡದಲ್ಲಿಯೂ ತನ್ನ ವಿಶೇಷ ಸನ್ನಿಧಾನವನ್ನು ಹೇಳಿದ್ದಾನೆ. ಸನ್ನಿಧಾನವಿದ್ದ ಮಾತ್ರಕ್ಕೆ ರಾಜನೇ ದೇವರಲ್ಲ. ಪ್ರತಿಮೆಯೇ ದೇವರಲ್ಲವೆಂಬಂತೆ ಇದೂ ಭೇದದ ಮಾತೇ. ಆದುದರಿಂದ ಶಾಸನಕ್ಕೆ ನಾವು ತೋರುವುದು ಗೌರವ, ಪೂಜೆಯಲ್ಲ. ಗೌರವವಿಟ್ಟುಕೊಂಡೇ ಅದರ ದೋಷವನ್ನು ಹೇಳಲು ಅಡ್ಡಿಯಿಲ್ಲ.

ಮೂರನೆಯ ವಾದವೇ ಎಲ್ಲಕ್ಕಿಂತ ಬಲವಾದುದು. ಲೋಕವಿದ್ವಿಷ್ಟವೆಂಬ ಮಾತನ್ನು ವಿಜ್ಞಾನೇಶ್ವರರು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ರಚಿಸಿದ ಮಿತಾಕ್ಷರೆಯಲ್ಲಿ ಪ್ರಯೋಗಿಸಿದ್ದಾರೆ. ಹಿರಿಯ ಮಗನಿಗೆ ಹೆಚ್ಚಿನ ಪಾಲು ಕೊಡಬೇಕೆಂಬ ವಿಷಮವಿಭಾಗವು ಶಾಸ್ತ್ರದಲ್ಲಿ ಕಂಡರೂ ಲೋಕವು ಅದನ್ನು ದ್ವೇಷಿಸುವುದರಿಂದ ಆಚರಿಸತಕ್ಕದ್ದಲ್ಲವೆಂದು ಅವರ ನಿರ್ಣಯ. ಆದರೆ ಈ ನಿರ್ಣಯವನ್ನು ಮಾಡಿದವರು ಯಾರು? ಪಾಲು ಕಡಿಮೆಯಾಗುವ ತಮ್ಮನಲ್ಲ; ಪಕ್ಷಪಾತವಿಲ್ಲದೆ ಎಲ್ಲ ವಚನಗಳನ್ನೂ ತೂಗಿ ನೋಡಿದ ನಿಬಂಧಕಾರರು. ಬಹುಜನರಿಗೆ ಒಪ್ಪಿಗೆಯಾಗದ ನಿಯಮವನ್ನು ಬದಲಿಸುವುದಕ್ಕೆ ಶಾಸ್ತ್ರದಲ್ಲಿ ಅವಕಾಶವುಂಟು. ಬದಲಿಸುವ ಅಧಿಕಾರ ಆ ನಿಯಮದಿಂದ ನಷ್ಟಪಡುವವನ ಕೈಯಲ್ಲಿಲ್ಲ, ಅಷ್ಟೇ. ಇಂದು ಆ ಸ್ಥಾನದಲ್ಲಿ ಶಾಸನಸಭೆಯೂ ನ್ಯಾಯಾಲಯವೂ ಇವೆ.

ಇದನ್ನು ನಮ್ಮ ಪ್ರಮಾಣವಿಚಾರದ ಭಾಷೆಯಲ್ಲಿ ಹೇಳಬಹುದು. ಯಾವುದು ಯಾವುದನ್ನು ಆಶ್ರಯಿಸಿ ಹುಟ್ಟುತ್ತದೆಯೋ ಅದು ತನ್ನ ಆಶ್ರಯವನ್ನೇ ಬಾಧಿಸಲಾರದು. ಆಶ್ರಯವಾದುದು ಉಪಜೀವ್ಯ, ಆಶ್ರಯಿಸಿದುದು ಉಪಜೀವಕ. ಅಧಿಕಾರಿಯ ಮಾತು ಸರಕಾರಿ ಆಜ್ಞೆಯನ್ನೂ, ಆಜ್ಞೆಯು ಕಾಯ್ದೆಯನ್ನೂ, ಕಾಯ್ದೆಯು ಸಂವಿಧಾನವನ್ನೂ ಉಪಜೀವಿಸಿಕೊಂಡಿವೆ. ಕಾಯ್ದೆಯಲ್ಲಿಲ್ಲದ ಅಧಿಕಾರವನ್ನು ಅಧಿಕಾರಿ ಚಲಾಯಿಸಿದರೆ ಅದು ಉಪಜೀವ್ಯವಿರೋಧ, ಆದುದರಿಂದ ದುರ್ಬಲ. ಅದನ್ನು ಪ್ರಶ್ನಿಸುವುದು ಕಾನೂನಿನ ಉಲ್ಲಂಘನೆಯಲ್ಲ, ಕಾನೂನಿನ ರಕ್ಷಣೆ.

ಇದಕ್ಕೆ ನಮ್ಮ ಮನೆಗಳಿಂದಲೇ ಒಂದು ದೃಷ್ಟಾಂತ. ಇಂದು ಪುಣೆ, ಮುಂಬಯಿ, ನಾಸಿಕಗಳಲ್ಲಿರುವ ನಮ್ಮ ಕುಟುಂಬಗಳಲ್ಲಿ ಅನೇಕರ ಹಿರಿಯರು ಊರು ಬಿಡಲು ಭೂಸುಧಾರಣೆಯೂ ಒಂದು ಕಾರಣ. ಕರ್ನಾಟಕದಲ್ಲಿ ದೇವರಾಜ ಅರಸರ ಸರಕಾರ ತಂದ ತಿದ್ದುಪಡಿಯಂತೆ 1974ರ ಮಾರ್ಚ್ 1ರಿಂದ ಗೇಣಿಯ ಭೂಮಿಯೆಲ್ಲ ಸರಕಾರಕ್ಕೆ ಸೇರಿತು; ಉಳುವವನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯಿಂದ ಒಡೆತನ ಪಡೆದನು. ಹಳೆಯ ಮುಂಬಯಿ ಪ್ರಾಂತದ ಬೆಳಗಾವಿ, ಧಾರವಾಡ, ವಿಜಾಪುರಗಳಲ್ಲಿ ಇಂತಹುದೇ ಉದ್ದೇಶದ ಗೇಣಿ ಕಾಯ್ದೆ 1948ರಲ್ಲಿಯೇ ಬಂದಿತ್ತು. ನಮ್ಮವರ ನಡುವೆ ಇದಕ್ಕಿಂತ ಅಪ್ರಿಯವಾದ ಕಾನೂನು ಇರಲಿಲ್ಲ. ಗೇಣಿಯ ಅಕ್ಕಿಯನ್ನೇ ನಂಬಿದ್ದ ವಿಧವೆಯರು, ಪೌರೋಹಿತ್ಯದವರು, ಮಠಮಂದಿರಗಳು ಕಷ್ಟಕ್ಕೆ ಒಳಗಾದುದು ಸತ್ಯ. ತಲೆಮಾರುಗಳಿಂದ ಆ ಕೆಸರಿನಲ್ಲಿ ನಿಂತು ದುಡಿದ ಗೇಣಿದಾರನ ಮಕ್ಕಳು ಮೊದಲ ಬಾರಿಗೆ ತಮ್ಮ ಗದ್ದೆಯ ಅನ್ನ ಉಂಡುದೂ ಅಷ್ಟೇ ಸತ್ಯ. ಮನೆಯಲ್ಲಿ ಮೊದಲನೆಯದನ್ನು ಮಾತ್ರ ಮಕ್ಕಳಿಗೆ ಹೇಳುವುದು ನ್ಯಾಯವಲ್ಲ.

ಆ ಮಂಡಳಿಗಳ ಮುಂದೆ ವಕೀಲರು ಹಾಜರಾಗಬಾರದೆಂದು ಕಾಯ್ದೆಯಲ್ಲಿ ಒಂದು ಉಪವಿಧಿಯಿತ್ತು. ಭೂಮಾಲಿಕರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1987ರಲ್ಲಿ ನ್ಯಾಯಾಲಯವು ಭೂಸುಧಾರಣೆಯನ್ನು ಎತ್ತಿಹಿಡಿಯಿತು. ವಕೀಲರನ್ನು ಹೊರಗಿಟ್ಟ ಉಪವಿಧಿಯನ್ನು ಮಾತ್ರ ನಿಲ್ಲಗೊಡಲಿಲ್ಲ. ಭೂಮಿ ಹಿಂದಿರುಗಲಿಲ್ಲ, ಆದರೆ ವಾದಿಸುವ ಹಕ್ಕು ದೊರೆಯಿತು. ಸೋತವರು ತೀರ್ಪನ್ನು ಒಪ್ಪಿ ಮಕ್ಕಳನ್ನು ಓದಿಸಿ ಬೇರೆ ದಾರಿ ಹಿಡಿದರು. ಒಮ್ಮೆ ನಮಗೆ ಅಪ್ರಿಯವಾಗಿದ್ದುದು ಕಾನೂನೆಂಬ ಕಾರಣಕ್ಕೆ ನಾವು ಪಾಲಿಸಿದ್ದೇವೆ. ಇಂದು ಈರುಳ್ಳಿಯ ರೈತನಿಗೆ ಅಪ್ರಿಯವಾದುದರ ನೋವನ್ನು ಅರಿಯಲು ನಮ್ಮಷ್ಟು ಅರ್ಹರು ಇನ್ನಾರು?

ನಾಲ್ಕನೆಯ ವಾದಕ್ಕೆ ಉತ್ತರ ಹೇಳುವಾಗ, ಜಾರಿಮಾಡುವವರ ಧರ್ಮವನ್ನೂ ಹೇಳಬೇಕಾಗುತ್ತದೆ. ದಂಡವು ಪಕ್ಷಪಾತದಿಂದ ಕೂಡಿದರೆ ಗೌರವ ಉಳಿಯದೆಂಬುದು ಸರಿಯೇ. ಸಾಮಾನ್ಯನಿಗೆ ಒಂದು ಕಾರ್ಷಾಪಣ ದಂಡವಾಗುವ ಅಪರಾಧಕ್ಕೆ ರಾಜನಿಗೆ ಸಾವಿರ ದಂಡವೆಂದು ಮನುಸ್ಮೃತಿ ಹೇಳುತ್ತದೆ. ಅನ್ಯಾಯವಾಗಿ ವಸೂಲುಮಾಡಿದ ದಂಡವನ್ನು ರಾಜನು ಮೂವತ್ತು ಪಟ್ಟು ಮಾಡಿ ವರುಣನಿಗೆಂದು ಸಂಕಲ್ಪಿಸಿ ದಾನಮಾಡಬೇಕೆಂದು ಯಾಜ್ಞವಲ್ಕ್ಯಸ್ಮೃತಿಯಲ್ಲಿದೆ. ಶಾಂತಿಪರ್ವದಲ್ಲಿ ಭೀಷ್ಮಾಚಾರ್ಯರು ಧರ್ಮರಾಜನಿಗೆ, ರಾಜನು ವಸಂತಕಾಲದ ಸೂರ್ಯನಂತೆ ಅತಿಶೀತವೂ ಅತಿತೀಕ್ಷ್ಣವೂ ಆಗದೆ ಇರಬೇಕೆಂದು ಉಪದೇಶಿಸಿದರು.

ಇಂದಿನ ಕಾಯ್ದೆಗಳಲ್ಲಿಯೂ ಈ ಅಂಶ ಇಲ್ಲದಿಲ್ಲ. ಅವಶ್ಯಕ ವಸ್ತುಗಳ ಕಾಯ್ದೆಯಲ್ಲಿ ಜಪ್ತಿಯಾದ ಮಾಲನ್ನು ಮುಟ್ಟುಗೋಲು ಹಾಕುವ ಮೊದಲು ಕಾರಣವನ್ನು ಬರಹದಲ್ಲಿ ತಿಳಿಸಿ, ಮಾಲಿಕನ ಸಮಾಧಾನವನ್ನು ಕೇಳಬೇಕು. ಅನಂತರ ಮೇಲ್ಮನವಿಗೂ ಅವಕಾಶವಿದೆ. ನಾವು ಸೇವೆ ಸಲ್ಲಿಸಿದ ರೈಲ್ವೆಯಲ್ಲಿ 1989ರ ಕಾಯ್ದೆ ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳುತ್ತದೆ. ಟಿಕೆಟ್ಟಿಲ್ಲದ ಪ್ರಯಾಣಿಕನನ್ನು ಗಾಡಿಯಿಂದ ಇಳಿಸುವ ಅಧಿಕಾರವುಂಟು. ಆದರೆ ಜೊತೆಗೆ ಗಂಡಸಿಲ್ಲದ ಹೆಂಗಸನ್ನಾಗಲಿ ಮಗುವನ್ನಾಗಲಿ, ಅವರು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾಕೇಂದ್ರದ ನಿಲ್ದಾಣದಲ್ಲಿ ಮಾತ್ರ, ಅದೂ ಹಗಲಿನಲ್ಲಿ ಮಾತ್ರ ಇಳಿಸಬೇಕೆಂದು 139ನೆಯ ವಿಧಿ ಕಟ್ಟುಮಾಡಿದೆ. ಹಣ ಕೊಡದವಳೂ ರಾತ್ರಿಯ ವೇಳೆ ನಿರ್ಜನ ನಿಲ್ದಾಣದಲ್ಲಿ ಅನಾಥಳಾಗಬಾರದು. ಕಾನೂನು ಅಪರಾಧಿಯ ಕೈಯನ್ನು ಕಟ್ಟುವುದಕ್ಕೆ ಮೊದಲು ಅಧಿಕಾರಿಯ ಕೈಯನ್ನು ಕಟ್ಟುತ್ತದೆ. ಇದನ್ನರಿತು ನಡೆಯುವ ಅಧಿಕಾರಿಗೆ ಅಪ್ರಿಯವಾದ ವಿಧಿಯನ್ನು ಜಾರಿಮಾಡಿದ ಪಾಪವಿಲ್ಲ. ರಾಗದ್ವೇಷವಿಲ್ಲದೆ ಮಾಡಿದ ನಿಯತಕರ್ಮ ಅದು. ಕೈಯೊಡ್ಡಿ ಬಿಟ್ಟರೂ ಪಾಪ, ಹಗೆಯಿಂದ ಹಿಡಿದರೂ ಪಾಪ.

ಆಚಾರ್ಯರ ಚರಿತ್ರೆಯಲ್ಲಿ

ಈ ವಿಷಯಕ್ಕೆ ಸುಮಧ್ವವಿಜಯದ ಹತ್ತನೆಯ ಸರ್ಗದಲ್ಲಿ ಅಪೂರ್ವವಾದ ಪ್ರಸಂಗವಿದೆ. ಶ್ರೀಮದಾಚಾರ್ಯರು ಉತ್ತರದ ಯಾತ್ರೆಯಲ್ಲಿ ಮಹಾರಾಷ್ಟ್ರದ ಮಾರ್ಗವಾಗಿ ಹೋಗುತ್ತಿರುವಾಗ ಈಶ್ವರದೇವನೆಂಬ ರಾಜನು ದಾರಿಹೋಕರನ್ನೆಲ್ಲ ಹಿಡಿದು ಭೂಮಿ ಅಗೆಯುವ ಕೆಲಸಕ್ಕೆ ಹಚ್ಚುತ್ತಿದ್ದನು. ಆಚಾರ್ಯರಿಗೂ ಅದೇ ಆಜ್ಞೆಯಾಯಿತು. ಅಗೆಯುವುದು ಹೇಗೆಂದು ನೀನೇ ತೋರಿಸು ಎಂದು ಆಚಾರ್ಯರು ಕೇಳಿದರು. ರಾಜನು ತಾನೇ ಅಗೆಯಲಾರಂಭಿಸಿದನು, ನಿಲ್ಲಿಸಲು ಮಾತ್ರ ಆತನಿಂದಾಗಲಿಲ್ಲ. ಈ ಈಶ್ವರದೇವನನ್ನು ವಿದ್ವಾಂಸರು ದೇವಗಿರಿಯ ಯಾದವ ದೊರೆ ಮಹಾದೇವನೆಂದು ಗುರುತಿಸುವುದುಂಟು. ದೇವಗಿರಿಯೆಂದರೆ ಇಂದಿನ ದೌಲತಾಬಾದ್, ನಾಸಿಕಕ್ಕೆ ನೆರೆಯಾದ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಚತುರ್ವರ್ಗಚಿಂತಾಮಣಿಯೆಂಬ ಧರ್ಮಶಾಸ್ತ್ರದ ಮಹಾನಿಬಂಧವನ್ನು ರಚಿಸಿದ ಹೇಮಾದ್ರಿಯು ಇದೇ ಮಹಾದೇವನ ಅಧಿಕಾರಿಯಾಗಿದ್ದನು. ಅರಮನೆಯಲ್ಲಿ ಧರ್ಮಶಾಸ್ತ್ರದ ಗ್ರಂಥವಿದ್ದ ಮಾತ್ರಕ್ಕೆ ದಾರಿಯಲ್ಲಿ ಧರ್ಮ ನಡೆಯುವುದೆಂಬ ಭರವಸೆಯಿಲ್ಲವೆಂಬುದನ್ನೂ ಇಲ್ಲಿ ನೋಡಬಹುದು.

ಆಚಾರ್ಯರು ಮುಖ್ಯಪ್ರಾಣದೇವರ ಅವತಾರ. ಅವರ ಮಹಿಮೆಯನ್ನು ಅನುಕರಿಸಲು ನಮಗೆ ಸಾಮರ್ಥ್ಯವೂ ಇಲ್ಲ, ಅಧಿಕಾರವೂ ಇಲ್ಲ. ತಾತ್ಪರ್ಯವನ್ನು ಮಾತ್ರ ಗ್ರಹಿಸೋಣ. ಆಚಾರ್ಯರು ದಾರಿ ತಪ್ಪಿಸಿ ಓಡಲಿಲ್ಲ, ಸುಳ್ಳು ನೆಪ ಹೇಳಲಿಲ್ಲ, ರಾಜಭಟರ ಮೇಲೆ ಕೈಮಾಡಲಿಲ್ಲ. ನಿಯಮ ಮಾಡಿದವನನ್ನೇ ಆ ನಿಯಮದ ಕೆಳಗೆ ತಂದರು. ಪರರ ಬೆನ್ನಿಗೆ ಹೊರಿಸಿದ ಭಾರವನ್ನು ಹೊರಿಸಿದವನು ತಾನು ಹೊತ್ತು ನೋಡಬೇಕು. ಶಾಸನ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ. ಈರುಳ್ಳಿಯ ರಫ್ತು ತಡೆಯುವ ಲೇಖನಿ ಹಿಡಿದವರು ಡಿಸೆಂಬರಿನ ಒಂದು ಮುಂಜಾನೆ ಲಿಲಾವಿನ ಸಾಲಿನಲ್ಲಿ ನಿಲ್ಲಬೇಕೆಂದು ರೈತನು ಹೇಳಿದರೆ ಅದು ಉದ್ಧಟತನವಲ್ಲ.

ಅದೇ ಸರ್ಗದಲ್ಲಿ ಗಂಗಾತೀರದ ಪ್ರಸಂಗವೂ ಇದೆ. ಎದುರುದಡದ ತುರುಷ್ಕ ಭಟರು ಅಡ್ಡಗಟ್ಟಿದಾಗ ಆಚಾರ್ಯರು ನಿರ್ಭಯರಾಗಿ ಮುಂದುವರಿದು, ರಾಜನೊಡನೆ ಆತನ ಭಾಷೆಯಲ್ಲಿಯೇ ಮಾತನಾಡಿದರು. ಅಧಿಕಾರಸ್ಥಾನವನ್ನು ಎದುರಾಗಿ, ಅದಕ್ಕೆ ತಿಳಿಯುವ ಭಾಷೆಯಲ್ಲಿ ಪ್ರಶ್ನಿಸಬೇಕೆಂಬುದು ಇದರ ಸಾರ. ಪರನಾಡಿನಲ್ಲಿರುವ ನಾವು ಮನೆಯಲ್ಲಿ ಕನ್ನಡವನ್ನು ಉಳಿಸಿಕೊಂಡು, ಹೊರಗೆ ಮರಾಠಿಯಲ್ಲಿ ಶುದ್ಧವಾಗಿ ಅರ್ಜಿ ಬರೆಯುವಷ್ಟು ಕಲಿಯಬೇಕೆಂದು ಇದರಿಂದ ಗ್ರಹಿಸಿದರೆ ತಪ್ಪಾಗದು.

ಪ್ರಯೋಜನ

ಇನ್ನು ಆರಂಭದ ಸಂಶಯಕ್ಕೆ ನಿರ್ಣಯ ಹೇಳೋಣ.

ಲೆಕ್ಕಿಗನು ಸುಳ್ಳು ಅಂಕಿಯನ್ನು ಬರೆಯತಕ್ಕದ್ದಲ್ಲ. ಯಜಮಾನನ ಉಪಕಾರಕ್ಕೆ ಪ್ರತ್ಯುಪಕಾರ ಬೇರೆಯಿದೆ. ಮಿತಿಯ ದಿನಾಂಕ, ಪ್ರಮಾಣಗಳನ್ನು ಮೊದಲೇ ತಿಳಿಸಿ, ಹೆಚ್ಚಾದ ಮಾಲನ್ನು ಸಕಾಲಕ್ಕೆ ಮಾರಲು ನೆರವಾಗಿ, ನೋಟೀಸು ಬಂದರೆ ಸರಿಯಾದ ಉತ್ತರವನ್ನು ಸಿದ್ಧಪಡಿಸಿಕೊಟ್ಟರೆ ಅದೇ ಋಣವಿಮೋಚನೆ. ಇಷ್ಟಾದರೂ ಕೆಲಸ ಹೋಗಬಹುದು. ಹೋಗದೆಂದು ನಾವು ಹೇಳಲಾರೆವು. ಅಂತಹ ಮನೆಗೆ ಒಂದೆರಡು ತಿಂಗಳು ಅಕ್ಕಿಬೇಳೆ ಕೊಟ್ಟು, ಇನ್ನೊಂದು ಕೆಲಸ ಹುಡುಕಿಕೊಡುವುದು ಭಕ್ತಸಮೂಹದ ಕರ್ತವ್ಯ. ಸತ್ಯದ ಭಾರವನ್ನು ಒಬ್ಬನ ಮೇಲೆಯೇ ಬಿಟ್ಟು, ಸತ್ಯ ಹೇಳು ಎಂದು ಉಪದೇಶಿಸುವುದು ಸುಲಭ.

ಅಧಿಕಾರಿಯು ಮೊದಲು ದೊಡ್ಡ ಗೋದಾಮಿಗೆ ಹೋಗಿ ಅನಂತರ ಸಣ್ಣ ಅಂಗಡಿಗೆ ಬರಲಿ. ವಿಧಿಯಲ್ಲಿರುವ ಅವಕಾಶಗಳನ್ನು ತಾನೇ ತಿಳಿಸಲಿ. ಆಜ್ಞೆಯಿಂದ ಆಗುತ್ತಿರುವ ಹಾನಿಯನ್ನು ಮೇಲಿನವರಿಗೆ ಬರಹದಲ್ಲಿ ವರದಿಮಾಡಲಿ.

ವಿರೋಧಿಸುವವರು ಸಭೆ, ಅರ್ಜಿ, ನ್ಯಾಯಾಲಯ, ಮತ ಎಂಬ ದಾರಿಗಳಲ್ಲಿ ನಡೆಯಲಿ. ಹಳಿಯ ಮೇಲೆ ಕುಳಿತವನ ದುಃಖ ನಿಜವಾದರೂ, ನಿಂತ ಗಾಡಿಯಲ್ಲಿರುವ ರೋಗಿಗೂ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗೂ ಆ ಆಜ್ಞೆಗೂ ಸಂಬಂಧವಿಲ್ಲ. 2019ರಿಂದ 2025ರವರೆಗಿನ ಆಜ್ಞೆಗಳ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ, ಬಂದ ಆಜ್ಞೆಗಳು ಸಡಿಲವಾಗಿವೆ, ಹಿಂದಕ್ಕೂ ಹೋಗಿವೆ. ಒಮ್ಮೆ ಬರೆದ ಸುಳ್ಳು ಹಾಗೆ ರದ್ದಾಗುವುದಿಲ್ಲ.

ಕೊನೆಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಏಕಾದಶಿಯ ಉಪವಾಸ, ಚಾತುರ್ಮಾಸ್ಯದಲ್ಲಿ ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳಗಳ ತ್ಯಾಗ ನಡೆಯುತ್ತವೆ. ಮಕ್ಕಳಿಗೆ ಇವು ಪ್ರಿಯವಾದ ವಿಧಿಗಳೇನೂ ಅಲ್ಲ. ಆದರೂ ಅಲ್ಲಿ ಪೋಲೀಸನಿಲ್ಲ, ತಪಾಸಣೆಯಿಲ್ಲ. ಪಾಲಿಸುವವನೇ ತನ್ನನ್ನು ತಾನು ನೋಡಿಕೊಳ್ಳುತ್ತಾನೆ. ಅಪ್ರಿಯವಾದುದನ್ನು ಸಾಕ್ಷಿಯಿಲ್ಲದಲ್ಲಿಯೂ ಪಾಲಿಸುವ ಈ ಅಭ್ಯಾಸವೇ ಒಳ್ಳೆಯ ನಾಗರಿಕನಿಗೆ ಬೇಕಾದುದು. ಅದನ್ನು ಅಡಿಗೆಮನೆಯಲ್ಲಿ ಕಲಿತವರು ಅಂಗಡಿಯ ಲೆಕ್ಕದಲ್ಲಿಯೂ ತೋರಿಸಬೇಕು.

ಮನನಕ್ಕೆ ಪ್ರಶ್ನೆಗಳು (ಮನೆಯವರೆಲ್ಲ ಕುಳಿತು ಚರ್ಚಿಸತಕ್ಕದ್ದು)

1. ರಾಜಕೃತವಾದ ಧರ್ಮವನ್ನು ಪಾಲಿಸಬೇಕೆಂಬ ವಿಧಿಗೆ ಇರುವ ವಿಶೇಷಣ ಯಾವುದು? ಅದಕ್ಕೆ ಒಂದು ಉದಾಹರಣೆ ಕೊಡಿ.

2. ಲೋಕವಿದ್ವಿಷ್ಟವಾದ ನಿಯಮವನ್ನು ಬದಲಿಸುವ ಅಧಿಕಾರ ಯಾರದು? ಏಕೆ?

3. ಉಪಜೀವ್ಯ, ಉಪಜೀವಕ ಎಂಬ ಶಬ್ದಗಳನ್ನು ಕಾಯ್ದೆ ಮತ್ತು ಸಂವಿಧಾನಗಳಿಗೆ ಹೊಂದಿಸಿ ವಿವರಿಸಿ.

4. ನಿಮ್ಮ ಮನೆತನದಲ್ಲಿ ಭೂಸುಧಾರಣೆಯಿಂದ ಆದುದೇನೆಂದು ಹಿರಿಯರಿಂದ ಕೇಳಿ ಬರೆಯಿರಿ. ಆ ಭೂಮಿಯನ್ನು ಉಳುತ್ತಿದ್ದವರ ಕುಟುಂಬಕ್ಕೆ ಆದುದನ್ನೂ ಕೇಳಿ ಬರೆಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥